ಎಚ್ಚರವಾಗಿಯೇ ಇರುತ್ತೇನೆ ಎಂದದ್ದು

ನನ್ನ ಎಡಗಿವಿಯೊಳಗೆ ಒಂದು ಸಣ್ಣ ತುಂಡು ಇದೆ. ಅಕ್ಕಿ ಕಾಳಿಗಿಂತ ಚಿಕ್ಕದು ಎಂದು ಡಾಕ್ಟರು ಬೆರಳಿನಲ್ಲಿ ಅಳತೆ ತೋರಿಸಿದ್ದರು. ನೀವು ಅದನ್ನು ನೋಡಿಲ್ಲ, ನಾನೂ ನೋಡಿಲ್ಲ. ನೀವು ಮೂವರು ಹುಟ್ಟಿದಾಗ ಅತ್ತ ಅಳುವನ್ನು ನಾನು ಕೇಳಿದ್ದು ಅದರಿಂದಲೇ.

ಈ ಕಿವಿಯ ಕಾಯಿಲೆ ರಕ್ತದಲ್ಲಿ ಇಳಿದು ಬರಬಹುದಂತೆ. ನಿಮ್ಮಮ್ಮನಿಗೆ ಬರಲಿಲ್ಲ. ಮುಂದೆ ನಿಮ್ಮಲ್ಲಿ ಯಾರಿಗಾದರೂ ಬಂದರೆ, ಆಪರೇಷನ್ ಮೇಜಿನ ಮೇಲೆ ಮಲಗುವ ಹೊತ್ತಿಗೆ ಅಜ್ಜಿಯೂ ಹೀಗೇ ಮಲಗಿದ್ದಳು ಎಂದು ನೆನಪಾಗಲಿ ಎಂದು ಬರೆದಿಡುತ್ತಿದ್ದೇನೆ. ಎದುರಿಗೆ ಕೂತು ಹೇಳಬಹುದಿತ್ತು. ಆದರೆ ನಾಲ್ಕು ಜನ ನನ್ನ ಮುಖವನ್ನೇ ನೋಡುತ್ತಿದ್ದರೆ ನನಗೆ ಈಗಲೂ ಮಾತು ಹೊರಡುವುದಿಲ್ಲ. ದಿಬ್ಬೂರಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಮಗ್ಗಿ ಒಪ್ಪಿಸು ಎಂದರೆ ಅಳುತ್ತಿದ್ದೆ, ಬರೆದು ತೋರಿಸು ಎಂದರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಹಾಗಾಗಿ ಬರೆಯುತ್ತಿದ್ದೇನೆ.

ಕಿವಿ ಒಂದೇ ದಿನ ಹೋಗಲಿಲ್ಲ. ನಿಮ್ಮಮ್ಮ ಹುಟ್ಟಿದ ವರ್ಷದಿಂದ ಶುರುವಾಯಿತು. ಮೊದಲು ಹಲ್ಲಿ ಲೊಚಗುಟ್ಟುವುದು ನಿಂತಿತು. ನಮ್ಮ ಮನೆಯಲ್ಲಿ ಹಲ್ಲಿಗಳೇ ಇಲ್ಲವೇನೋ ಅಂದುಕೊಂಡೆ. ಆಮೇಲೆ ಹಾಲು ಉಕ್ಕುವ ಸದ್ದು ಹೋಯಿತು, ಒಲೆಯ ಮೇಲೆ ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುತ್ತಿತ್ತು. ಬೆನ್ನ ಹಿಂದಿನಿಂದ ಯಾರಾದರೂ ಕರೆದರೆ ತಿರುಗುತ್ತಿರಲಿಲ್ಲ. ನಿಮ್ಮಮ್ಮನಿಗೆ ಐದು ವರ್ಷ ಆಗುವ ಹೊತ್ತಿಗೆ ನಾನು ಮನುಷ್ಯರ ತುಟಿ ನೋಡಿ ಅರ್ಧ, ಊಹೆ ಮಾಡಿ ಅರ್ಧ ಬದುಕುತ್ತಿದ್ದೆ. ಎರಡೂ ಸಾಲದಾದಾಗ ಸುಮ್ಮನೆ ತಲೆಯಾಡಿಸುತ್ತಿದ್ದೆ. ಹೂಂ ಎಂದುಬಿಟ್ಟರೆ ಎದುರಿನವರು ಇನ್ನೊಂದು ಸಲ ಕೇಳುವುದಿಲ್ಲ. ಆ ಚಾಳಿ ನನ್ನ ಕಿವಿಗಿಂತ ಹೆಚ್ಚು ನನ್ನನ್ನು ಕೆಡಿಸಿತು.

ಒಂದು ವಿಚಿತ್ರವಿತ್ತು. ಗದ್ದಲ ಇರುವ ಕಡೆ ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಹತ್ತು ಚರಕ ಒಟ್ಟಿಗೆ ತಿರುಗುವಾಗ, ಬಾಣಲೆಯ ಕೆಳಗೆ ಹೊಟ್ಟಿನ ಒಲೆ ಬುಸುಗುಡುವಾಗ ಪಕ್ಕದ ಚರಕದ ಜೈತುನ್ ಹೇಳಿದ್ದು ನನಗೆ ಪೂರ್ತಿ ತಿಳಿಯುತ್ತಿತ್ತು. ಅದೇ ಜೈತುನ್ ಮನೆಗೆ ಬಂದು, ನಿಶ್ಶಬ್ದವಾದ ಪಡಸಾಲೆಯಲ್ಲಿ ಕೂತು ಮಾತಾಡಿದರೆ ಬಾಯಿ ಮಾತ್ರ ಆಡುತ್ತಿತ್ತು.

"ಅರೆ ಅಕ್ಕಾ, ನಿನ್ನ ಕಿವಿ ಕಾರ್ಖಾನೇಲಿ ಡ್ಯೂಟಿ ಮಾಡ್ತದೆ, ಮನೇಗ್ ಬಂದ್ರೆ ರಜಾ ಹಾಕ್ತದೆ" ಎಂದು ಅವಳು ನಗುತ್ತಿದ್ದಳು. ಅವಳದು ತಮಾಷೆ. ಆಗಿನ್ನೂ ಬದುಕಿದ್ದ ನಮ್ಮತ್ತೆಯದು ತಮಾಷೆಯಲ್ಲ. "ಬೇಕಾದ್ದು ಕೇಳಿಸ್ತದೆ ಕಣಮ್ಮ ಅವ್ಳಿಗೆ. ಕೆಲ್ಸ ಹೇಳಿದ್ರೆ ಮಾತ್ರ ಕಿವುಡು" ಎಂದು ಬೀದಿಗೆಲ್ಲಾ ಹೇಳುತ್ತಿದ್ದರು. ಅದನ್ನು ನಾನು ಅವರ ತುಟಿಯಲ್ಲಿ ಎಷ್ಟೋ ಸಲ ಓದಿದ್ದೇನೆ. ನಾನೇ ನಾಟಕ ಆಡುತ್ತಿದ್ದೇನೇನೋ ಎಂದು ನನಗೂ ಅನುಮಾನ ಬರುತ್ತಿತ್ತು.

ನಿಮ್ಮಮ್ಮ ಆರು ವರ್ಷದವಳಿದ್ದಾಗ ನಿಮ್ಮ ತಾತ ಹೋದರು. ಅದನ್ನು ಮುಂದೆ ಹೇಳುತ್ತೇನೆ. ಅತ್ತೆಯೂ ಹೋದ ಮೇಲೆ ಒಂದು ಕೋಣೆಯ ಮನೆಯಲ್ಲಿ ನಾನು, ನಿಮ್ಮಮ್ಮ ಇಬ್ಬರೇ ಉಳಿದೆವು. ಅವಳು ಆರನೇ ಕ್ಲಾಸಿಗೆ ಬಂದಾಗ, ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಜೈತುನ್ ಒಂದು ಸುದ್ದಿ ತಂದಳು. ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಗೆ ಗುರುವಾರ ಗುರುವಾರ ಬೆಂಗಳೂರಿನಿಂದ ಕಿವಿಯ ಡಾಕ್ಟರು ಬರುತ್ತಾರಂತೆ, ದೊಡ್ಡ ದುರ್ಬೀನು ಇಟ್ಟು ಕಿವಿಯೊಳಗೆ ಹೊಲಿಗೆ ಹಾಕುತ್ತಾರಂತೆ. "ಹೋಗಿ ತೋರಿಸ್ಕೊಂಡ್ ಬಾ ಅಕ್ಕಾ. ಮಗಳು ಬೆಳೀತಾವ್ಳೆ. ನಾಳೆ ಅವಳು ಕರೆದ್ರೂ ಹೂಂ ಅಂತ ತಲೆ ಆಡಿಸ್ತೀಯಾ?" ಎಂದಳು.

ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ನನ್ನ ಅಣ್ಣ ಜೊತೆಗೆ ಬಂದ. ಬೆಳಿಗ್ಗೆ ಹೋದವರು ಮಧ್ಯಾಹ್ನ ಎರಡರವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಕಿವಿ ಆಸ್ಪತ್ರೆಯ ಬೆಂಚಿನಲ್ಲಿ ಹೆಸರು ಕೂಗುವುದೆಂದರೆ ಹೇಗಿರುತ್ತದೆ ಯೋಚಿಸಿ. ಅಲ್ಲಿ ಅರ್ಧ ಜನಕ್ಕೆ ಕೇಳುವುದಿಲ್ಲ. ಒಬ್ಬರ ಹೆಸರಿಗೆ ಮೂವರು ಏಳುತ್ತಿದ್ದರು, ಕರೆಸಿಕೊಂಡವರು ಮಾತ್ರ ಕೂತೇ ಇರುತ್ತಿದ್ದರು. ನಾನು ಕೂಗುವವನ ಬಾಯಿಯಿಂದ ಕಣ್ಣು ತೆಗೆಯದೆ ಕೂತಿದ್ದೆ. ಬೇರೆಯವರಿಗೆ ಕಾಯುವುದೆಂದರೆ ಕಾಯುವುದು ಅಷ್ಟೆ. ನಮಗೆ ಅದು ಕಾವಲು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಕಬ್ಬಿಣದ ಎರಡು ಕವಲಿನ ಸಲಾಕೆಯೊಂದನ್ನು ಮೊಣಕೈಗೆ ಬಡಿದು ನನ್ನ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದನ್ನೇ ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಜೇನು ಹುಳ ತಲೆಯೊಳಗೆ ಬಂದು ಕೂತಂತೆ ಗುಂಯ್ ಎಂದಿತು. ನಾನು ಬೆಚ್ಚಿದ್ದು ನೋಡಿ ಅವರು ಮೊದಲ ಸಲ ನಕ್ಕರು. ಆಮೇಲೆ ನನ್ನ ಬಲಗಿವಿಯ ಹತ್ತಿರ ಬಗ್ಗಿ ಜೋರಾಗಿ ಕೇಳಿದರು: "ಗಲಾಟೆ ಇರೋ ಕಡೆ ನಿಮಗೆ ಚೆನ್ನಾಗಿ ಕೇಳಿಸುತ್ತಾ?"

ನನಗೆ ಅಳು ಬಂದುಬಿಟ್ಟಿತು. ಹತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನನ್ನನ್ನು ದೂರದೆ ಕೇಳಿದವರು ಅವರೊಬ್ಬರೇ. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಣ್ಣ ಗಾಬರಿಯಾದ. "ಏನಂದ್ರಿ ಸಾರ್? ಬದುಕ್ತಾಳಾ?" ಎಂದನಂತೆ.

ಕಿವಿಯೊಳಗೆ ಮೂರು ಚಿಕ್ಕ ಮೂಳೆ ಇರುತ್ತವೆ, ಅದರಲ್ಲಿ ಕೊನೆಯದು ಅಲ್ಲಾಡದೆ ಗಟ್ಟಿಯಾಗಿ ಹಿಡಿದುಕೊಂಡಿದೆ, ಅದನ್ನು ತೆಗೆದು ಒಂದು ಸಣ್ಣ ತುಂಡು ಇಡಬೇಕು ಎಂದು ಚೀಟಿಯಲ್ಲಿ ಚಿತ್ರ ಬರೆದು ತೋರಿಸಿದರು. ಹೆಚ್ಚು ಕೆಟ್ಟಿರುವ ಎಡಗಿವಿ ಮೊದಲು. ಗದ್ದಲದಲ್ಲಿ ಚೆನ್ನಾಗಿ ಕೇಳುವುದು ಈ ಕಾಯಿಲೆಯ ಗುರುತೇ ಅಂತೆ. ಅಷ್ಟು ನನಗೆ ಅರ್ಥವಾಯಿತು. ಆಮೇಲಿನದು ಕಷ್ಟದ್ದು. ಪೂರ್ತಿ ಮತ್ತು ಬರುವ ಔಷಧಿ ಕೊಟ್ಟು ಮಲಗಿಸಿಯೂ ಮಾಡಬಹುದು, ಕಿವಿಗೆ ಮಾತ್ರ ಇಂಜೆಕ್ಷನ್ ಕೊಟ್ಟು ಎಚ್ಚರ ಇರುವಾಗಲೂ ಮಾಡಬಹುದು. ಎಚ್ಚರವಿದ್ದರೆ ತುಂಡು ಇಟ್ಟ ಕೂಡಲೆ ಕೇಳುತ್ತದೋ ಇಲ್ಲವೋ ಅವರು ಅಲ್ಲೇ ಕೇಳಿ ತಿಳಿಯಬಹುದು. ಆದರೆ ಒಂದು ಗಂಟೆ, ಒಂದೂವರೆ ಗಂಟೆ ಕಲ್ಲಿನ ಹಾಗೆ ಮಲಗಿರಬೇಕು. ತಲೆ ಕೂದಲೆಳೆಯಷ್ಟು ಸರಿದರೆ ಇರುವ ಅಷ್ಟಿಷ್ಟೂ ಹೋಗಬಹುದು.

"ಪೂರ್ತಿನೇ ಕೊಟ್ಬಿಡಿ ಸಾರ್" ಎಂದ ಅಣ್ಣ. "ಇವ್ಳು ಹೆದರುಪುಕ್ಲಿ. ಕೋಳಿ ಕುಯ್ಯೋದು ನೋಡಿದ್ರೆ ಬಿದ್ ಹೋಗ್ತಾಳೆ."

ನಾನು ತಲೆಯಾಡಿಸಿದೆ. ಡಾಕ್ಟರು ಅಣ್ಣನನ್ನು ಬಿಟ್ಟು ನನ್ನ ಕಡೆ ಕುರ್ಚಿ ತಿರುಗಿಸಿಕೊಂಡರು. "ಕಿವಿ ಅವರದಲ್ಲಮ್ಮ, ನಿಮ್ಮದು. ಸುಮ್ನೆ ತಲೆ ಆಡಿಸ್ಬೇಡಿ. ಯೋಚನೆ ಮಾಡಿ. ಬರೋ ವಾರ ಬಂದು ಬಾಯಲ್ಲಿ ಹೇಳಿ."

ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದನ್ನೂ ಆರಿಸಿಕೋ ಎಂದಿರಲಿಲ್ಲ. ಸೀರೆಯ ಬಣ್ಣವನ್ನು ಕೂಡ.

ಆ ವಾರವಿಡೀ ಶೆಡ್ಡಿನಲ್ಲಿ ಇದೇ ಮಾತು. ಒಬ್ಬಳು ಮತ್ತು ಕೊಟ್ಟರೆ ಬುದ್ಧಿ ಮಂದವಾಗುತ್ತದೆ ಎಂದಳು. ಇನ್ನೊಬ್ಬಳು ಎಚ್ಚರವಿದ್ದರೆ ಕೊರೆಯುವ ಸದ್ದಿಗೇ ಪ್ರಾಣ ಹೋಗುತ್ತದೆ ಎಂದಳು. "ಸದ್ದು ಕೇಳಿಸಿದ್ರೆ ಇವ್ಳು ಯಾಕ್ ಹೋಗ್ತಿದ್ಲು ಆಸ್ಪತ್ರೇಗೆ?" ಎಂದು ಜೈತುನ್ ಅವಳ ಬಾಯಿ ಮುಚ್ಚಿಸಿದಳು. ನನ್ನನ್ನು ಪಕ್ಕಕ್ಕೆ ಕರೆದು, "ನಾನಾದ್ರೆ ಮಲ್ಕೊಂಡ್ಬಿಡ್ತೀನಿ ಅಕ್ಕಾ. ಜೀವಮಾನದಲ್ಲಿ ಒಂದಿನ ಹಗಲಲ್ಲಿ ನಿದ್ದೆ ಸಿಗ್ತದಲ್ಲ" ಎಂದಳು.

ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮ ತಾತ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ಒಂದು ದಿನ ಹೊಟ್ಟೆ ಹಿಡಿದುಕೊಂಡು ಬಿದ್ದರು. ದೂರದ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕರುಳು ಒಡೆದಿತ್ತಂತೆ. ಗಾಲಿ ಮಂಚದ ಮೇಲೆ ಒಳಗೆ ತಳ್ಳಿಕೊಂಡು ಹೋಗುವಾಗ ಅವರು ನನ್ನ ಕೈ ಹಿಡಿದು ಏನೋ ಹೇಳಿದರು. ಮುಖ ಆ ಕಡೆ ವಾಲಿತ್ತು, ತುಟಿ ನನಗೆ ಕಾಣಲಿಲ್ಲ. ಇನ್ನೊಂದು ಸಲ ಹೇಳಿ ಎನ್ನಲು ಸುತ್ತ ನಿಂತವರೆದುರು ನಾಚಿಕೆಯಾಯಿತು. ಹೂಂ ಎಂದು ತಲೆಯಾಡಿಸಿದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ಮತ್ತು ಕೊಟ್ಟರು. ಮತ್ತೆ ಏಳಲಿಲ್ಲ.

ಅದು ಮತ್ತಿನಿಂದಲ್ಲ, ತಡವಾಗಿ ಬಂದದ್ದರಿಂದ ಎಂದು ಎಲ್ಲರೂ ಹೇಳಿದರು. ಇರಬಹುದು. ನನ್ನ ತಲೆ ಒಪ್ಪಿತು, ಮೈ ಒಪ್ಪಲಿಲ್ಲ. ನಾನೂ ಹಾಗೆಯೇ ಒಳಗೆ ಹೋಗಿ ಏಳದಿದ್ದರೆ ನಿಮ್ಮಮ್ಮನಿಗೆ ಯಾರಿದ್ದರು? ನಾನು ಎಚ್ಚರವಾಗಿಯೇ ಇರಬೇಕು ಎಂದು ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೆ ಕೈ ನಡುಗಿ ನೂಲು ತುಂಡಾಯಿತು. ನಡುಗುವ ಮೈ ಇಟ್ಟುಕೊಂಡು ಒಂದೂವರೆ ಗಂಟೆ ಅಲುಗದೆ ಮಲಗುವುದು ಹೇಗೆ? ಅಲುಗಿದರೆ ಕಿವಿ ಹೋಯಿತು, ಮಲಗಿಸಿಕೊಂಡರೆ ಪ್ರಾಣ ಹೋಯಿತು ಎಂದು ಆ ವಾರ ಚರಕದ ಜೊತೆಗೆ ತಲೆಯೂ ತಿರುಗಿತು.

ಆಪರೇಷನ್ನಿನ ಹಿಂದಿನ ದಿನ, ಬುಧವಾರ, ಅಣ್ಣನ ಜೊತೆ ಹೋಗಿ ಸೇರಿಕೊಂಡೆ. ನಿಮ್ಮಮ್ಮನನ್ನು ಜೈತುನ್ ಮನೆಯಲ್ಲಿ ಬಿಟ್ಟಿದ್ದೆ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಚಿಂತಾಮಣಿ ಕಡೆಯ ಅಜ್ಜನೊಬ್ಬ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ. ನನ್ನ ಕೈಗೂ ನಾಲ್ಕು ಹಾಕಿ ಕೂಗಿದ:

"ಯಮ್ಮಾ, ನಿಂದ್ಯಾವ್ ಕಿವೀ?"

"ಎಡಗಡೇದು" ಎಂದೆ.

"ಆಂ?"

"ಎಡಾ!" ನಾನೂ ಕೂಗಿದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಎಂದೂ ಬಂದಿರಲಿಲ್ಲ.

"ನಂದೂ ಎಡಾನೇ! ಬಲಗಡೇದು ಹೋದ್ ವರ್ಷ ಮಾಡಿದ್ರು. ಪೂರ್ತಿ ಮಲಗಿಸ್ಬಿಟ್ರು ಕಣಮ್ಮಾ. ಒಂದು ಎರಡು ಎಣಿಸು ಅಂದ್ರು. ಮೂರು ಅನ್ನೋದ್ರೊಳಗೆ ಸತ್ತೋಗಿರೋ ನಮ್ಮವ್ವ ಬಂದು ತಟ್ಟೇಗೆ ಮುದ್ದೆ ಇಟ್ಲು! ಸಾರು ಹಾಕೋಷ್ಟರಲ್ಲಿ ಎಬ್ಬಿಸ್ಬಿಟ್ರು, ಮನೆಹಾಳ್ರು!"

ವಾರ್ಡಿನವರೆಲ್ಲಾ ಬಾಗಿಲಿಗೆ ಬಂದು ನಗುತ್ತಿದ್ದರು. ನಾನೂ ನಕ್ಕೆ. ನಿಮ್ಮ ತಾತನಿಗೂ ಹಾಗೆ ಯಾರೋ ತಟ್ಟೆ ಇಟ್ಟಿರಬೇಕು, ಸಾರನ್ನೂ ಹಾಕಿರಬೇಕು, ಎಬ್ಬಿಸುವವರು ತಡ ಮಾಡಿದರು ಎಂದುಕೊಂಡೆ.

ಸಂಜೆ ನರ್ಸಮ್ಮ ಕಾಗದ ತಂದಳು. ಅವಳು ಗೌರಿಬಿದನೂರಿನವಳು, ಕನ್ನಡದ ನಡುನಡುವೆ ತೆಲುಗು ಹಾಕುವವಳು. ಯಾವ ಮತ್ತು ಎಂದು ಬರೆಯುವ ಜಾಗ ಖಾಲಿ ಇತ್ತು. "ಪೂರ್ತಿ ಅಂದ್ರೆ ನಾಳೆ ಮನೆಯವರು ಒಬ್ಬರು ಇಲ್ಲೇ ಇರ್ಬೇಕು. ಎಚ್ಚರ ಆಗೋವರ್ಗೂ ಪಕ್ಕದಲ್ಲಿ ಕೂತಿರ್ಬೇಕು, ತೆಲುಸಾ?" ಎಂದು ಅಣ್ಣನಿಗೆ ಹೇಳಿದಳು.

ಅಣ್ಣನ ಮುಖ ನೋಡಿದೆ. ಅವನ ಹುಳು ನಾಲ್ಕನೇ ಜ್ವರದಿಂದ ಎದ್ದು ಏಳು ದಿನವಾಗಿತ್ತು. ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಕಾಲ. ಅದು ನಾಲ್ಕನೇ ಸಲ ಆದ ಮೇಲೆ ವಾರದಲ್ಲಿ ಹುಳು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ದಿನವೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಮೇವಿನ ತಟ್ಟೆಯಲ್ಲೇ ಗೂಡು ಕಟ್ಟಿ ಎಲ್ಲಾ ಹಾಳು. ಅದು ಗುರುವಾರವೇ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ.

"ನಾನು ಎಚ್ಚರವಾಗಿಯೇ ಇರ್ತೀನಿ" ಎಂದೆ.

"ಏನೇ ನೀನು!" ಎಂದ ಅಣ್ಣ. "ನಾಳೆ ಅಲ್ಲಾಡಿ ಪೂರ್ತಿ ಕಿವುಡಿ ಆದ್ರೆ ಯಾರೇ ನೋಡ್ಕೊಳ್ಳೋರು?" ಕೋಪದಲ್ಲಿದ್ದರೂ ಅವನ ಹೆಗಲು ಇಳಿದದ್ದು ಕಂಡಿತು. ಕೊನೆಯ ಬಸ್ಸಿಗೆ ಮೊದಲೇ ಹೊರಟ. ಬಾಗಿಲಲ್ಲಿ ನಿಂತು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ.

ನಾನು ಎಚ್ಚರವಾಗಿರುವುದನ್ನು ಆರಿಸಿದ್ದು ಧೈರ್ಯಕ್ಕೆ ಎಂದು ನಿಮ್ಮಮ್ಮ ನಿಮಗೆ ಹೇಳಿರಬಹುದು. ಹೆದರಿಕೆ ಒಂದು ಕಾರಣ. ಏಳುವವರೆಗೆ ಪಕ್ಕದಲ್ಲಿ ಕೂತಿರಲು ನನಗೆ ಯಾರೂ ಇಲ್ಲದಿದ್ದದ್ದು ಇನ್ನೊಂದು.

ನರ್ಸಮ್ಮ ಕೇಳದೆಯೇ ಶಾಯಿಯ ಪೆಟ್ಟಿಗೆ ಮುಂದಿಟ್ಟಳು. ಸಹಿ ಬರುತ್ತದೆ ಎನ್ನಲು ಸಂಕೋಚವಾಗಿ ಹೆಬ್ಬೆಟ್ಟು ಒತ್ತಿದೆ. ಕಾಗದದ ಮೇಲೆ ಬರೀ ಕಪ್ಪು ಮಚ್ಚೆ ಬಿತ್ತು. "ಅಯ್ಯೋ, ಇದೇನಮ್ಮಾ, ಒಂದ್ ಗೆರೆನೂ ಇಲ್ಲ!" ಎಂದಳು. ಕುದಿಯುವ ಬಾಣಲೆಯಿಂದ ದಿನವಿಡೀ ಗೂಡಿನ ಎಳೆ ಹಿಡಿಯುವವರ ಬೆರಳು ಹಾಗೇ ಇರುತ್ತದೆ. ನಾನು ಪೆನ್ನು ಇಸಿದುಕೊಂಡು ಹೆಸರು ಬರೆದೆ. ಅವಳು ನಾಲಿಗೆ ಕಚ್ಚಿಕೊಂಡಳು.

ಆಮೇಲೆ ಮಂಚದ ಮೇಲೆ ಕೂತು ಮಾರನೆಯ ದಿನದ ಪಾಠ ಹೇಳಿಕೊಟ್ಟಳು. ಎಡಗಿವಿ ಮೇಲೆ ಬರುವಂತೆ ಮಲಗಿಸುತ್ತಾರೆ. ಹಾಗಾಗಿ ಅಷ್ಟಿಷ್ಟು ಕೇಳುವ ಬಲಗಿವಿ ದಿಂಬಿನಲ್ಲಿ ಮುಚ್ಚಿಹೋಗುತ್ತದೆ. ಡಾಕ್ಟರು ಹೇಳುವುದು ನನಗೆ ತಲುಪುವುದಿಲ್ಲ. ಅದಕ್ಕೆ ಅವಳೇ ನನ್ನ ಕೈ ಹಿಡಿದಿರುತ್ತಾಳೆ. ಬೆರಳ ತುದಿ ಒಂದು ಸಲ ಒತ್ತಿದರೆ, ಈಗ ದೊಡ್ಡ ಸದ್ದಾಗುತ್ತದೆ, ಉಸಿರು ಬಿಗಿಹಿಡಿ ಎಂದರ್ಥ. ಎರಡು ಸಲ ಒತ್ತಿದರೆ ಉಗುಳು ನುಂಗಬಹುದು. ಒಂದು ಒತ್ತಿ ತೋರಿಸಿದಳು, ಎರಡು ಒತ್ತಿ ತೋರಿಸಿದಳು. "ಗೊತ್ತಾಯ್ತಾ?" ಎಂದಳು. ತಲೆಯಾಡಿಸಿದೆ. ಈ ಸಲ ಸುಳ್ಳಿಗಲ್ಲ, ನಿಜವಾಗಿ ಗೊತ್ತಾಯಿತು ಎಂದೇ ಅಂದುಕೊಂಡಿದ್ದೆ.

ಗುರುವಾರ ಬೆಳಿಗ್ಗೆ ಒಳಗೆ ಹೋದೆ. ನನ್ನನ್ನು ಹೆದರಿಸಿದ್ದು ಕತ್ತರಿ ಸೂಜಿಗಳಲ್ಲ. ಒಳಗಿದ್ದವರೆಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ತುಟಿ ನೋಡಿ ಬದುಕುವವಳ ಮುಂದೆ ಒಬ್ಬರಿಗೂ ತುಟಿ ಇಲ್ಲ. ಹುಬ್ಬುಗಳು ಏರುತ್ತಿದ್ದವು, ಇಳಿಯುತ್ತಿದ್ದವು. ನನ್ನ ಬಗ್ಗೆಯೇ ಮಾತಾಡುತ್ತಿದ್ದರೇನೋ. ತಲೆಯನ್ನು ಬಲಕ್ಕೆ ತಿರುಗಿಸಿ ದಿಂಬಿಗಿಟ್ಟರು. ಇದ್ದ ಸ್ವಲ್ಪ ಸದ್ದೂ ಮುಗಿಯಿತು. ಮುಖದ ಮೇಲೆ ಹಸಿರು ಬಟ್ಟೆ ಬಿತ್ತು. ಬೆಳಕೂ ಮುಗಿಯಿತು. ಕಿವಿಯ ಒಳಗೆ ನಾಲ್ಕು ಇಂಜೆಕ್ಷನ್, ಕೆಂಜಿಗ ಕಚ್ಚಿದ ಹಾಗೆ. ಆಮೇಲೆ ಅಲ್ಲಿ ಮರಗಟ್ಟಿತು.

ಮಕ್ಕಳೇ, ಗಂಡ ಹೋದ ದಿನ ಮನೆ ತುಂಬ ಜನ ಇದ್ದರು. ಒಂಟಿಯಾಗುವುದು ಎಂದರೆ ಏನು ಎಂದು ನನಗೆ ತಿಳಿದದ್ದು ಆ ಬಟ್ಟೆಯ ಕೆಳಗೆ. ಐದಾರು ಜನ ನನ್ನ ಮೇಲೆ ಬಗ್ಗಿದ್ದರು, ನನ್ನ ಬದುಕು ಅವರ ಕೈಯಲ್ಲಿತ್ತು, ಅವರಲ್ಲಿ ಒಬ್ಬರೂ ನನಗಿರಲಿಲ್ಲ. ಬಾವಿಯ ತಳದಲ್ಲಿ ಮಲಗಿಸಿ ಮೇಲೆ ಚಪ್ಪಡಿ ಎಳೆದ ಹಾಗಿತ್ತು. ನಾನು ನಿಮ್ಮಮ್ಮನ ಜಡೆಯ ಕಾಲುಗಳನ್ನು ಹೆಣೆಯುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಹೆಣೆಯತೊಡಗಿದೆ. ಒಂದು ಜಡೆ ಮುಗಿದರೆ ಬಿಚ್ಚಿ ಇನ್ನೊಂದು. ಅಲುಗಬಾರದು ಎಂದು ನೆನಪಿಸಿಕೊಂಡಷ್ಟೂ ಮೈ ಅಲುಗುತ್ತದೆ. ಜಡೆ ನೆನೆದರೆ ಸುಮ್ಮನಿರುತ್ತಿತ್ತು.

ಎಷ್ಟನೇ ಜಡೆಯೋ, ಒಮ್ಮೆಲೇ ತಲೆಯೊಳಗೆ ಫಳ್ ಎಂದು ಬಂಡೆ ಸೀಳಿದ ಸದ್ದಾಯಿತು. ನಾನು ಬೆಚ್ಚಿಬಿದ್ದೆ. ಭುಜ ಎದ್ದಿತು. ತಲೆ ಸರಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡು ಕೈಗಳು ಹಣೆಯನ್ನು ಬಲವಾಗಿ ಅದುಮಿ ಹಿಡಿದವು. ಎಲ್ಲ ನಿಂತುಹೋಯಿತು.

ಹೋಯಿತು, ನನ್ನ ಕೈಯಾರೆ ಕೆಡಿಸಿಕೊಂಡೆ ಎಂದುಕೊಂಡೆ.

ಯಾರೋ ಕಣ್ಣಿನ ಹತ್ತಿರದ ಬಟ್ಟೆ ಎತ್ತಿದರು. ನರ್ಸಮ್ಮ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ನನ್ನ ಮುಖದ ಸಮಕ್ಕೆ ಬಂದಿದ್ದಳು. ಬಾಯಿಯ ಬಟ್ಟೆಯನ್ನು ಗಲ್ಲಕ್ಕೆ ಎಳೆದುಕೊಂಡಳು. ಅವಳ ತುಟಿ ಕಂಡದ್ದೇ ನನಗೆ ಜೀವ ಬಂದಂತಾಯಿತು.

"ಒತ್ತಿದ್ನಲ್ಲಮ್ಮಾ! ಒಂದ್ ಸಲ ಒತ್ತಿದೆ, ತಿಳೀಲಿಲ್ವೇನೋ ಅಂತ ಮತ್ತೆ ಒತ್ತಿದೆ!" ಎನ್ನುತ್ತಿದ್ದಳು. "ಭಯ ಆಗ್ತಿದ್ರೆ ಪೂರ್ತಿ ಮಲಗಿಸ್ಬಿಡೋಣ, ಈಗ್ಲೂ ಆಗತ್ತೆ ಅಂತಾವ್ರೆ ಡಾಕ್ಟ್ರು. ಏನಂತೀಯ?"

ನನ್ನ ಕೈಯ ಕಡೆ ಕಣ್ಣು ಹೊರಳಿಸಿದೆ. ಅವಳು ನನ್ನ ಬೆರಳ ತುದಿಯನ್ನು ಹಿಡಿದೇ ಇದ್ದಳು. ನೋಡುವವರೆಗೂ ಹಿಡಿದಿದ್ದಾಳೆ ಎಂದೇ ನನಗೆ ತಿಳಿದಿರಲಿಲ್ಲ. ಹಿಂದಿನ ಸಂಜೆ ಅವಳು ಒತ್ತಿದ್ದು ನನಗೆ ತಿಳಿದದ್ದು ಬೆರಳಿನಿಂದಲ್ಲ, ಕಣ್ಣಿನಿಂದ. ಬಿಸಿನೀರಿನಲ್ಲಿ ಬೆಂದು ಬೆಂದು ಆ ತುದಿಗಳಿಗೆ ಎಂದೋ ಸ್ಪರ್ಶ ಹೋಗಿತ್ತು. ಕೆಲಸ ಮಾಡುವಾಗ ಕಣ್ಣು ಎಳೆಯ ಮೇಲೇ ಇರುತ್ತದಲ್ಲ, ಬೆರಳು ಸತ್ತದ್ದು ನಮಗೆ ಗೊತ್ತಾಗುವುದೇ ಇಲ್ಲ.

ಹೂಂ ಎಂದುಬಿಡುವುದು ಸುಲಭವಿತ್ತು. ತಲೆಯಾಡಿಸುವಂತಿರಲಿಲ್ಲ, ಹಣೆ ಹಿಡಿದಿದ್ದರು. ಕಣ್ಣು ಮುಚ್ಚಿದ್ದರೆ ಸಾಕಿತ್ತು, ಅವರೇ ಮಲಗಿಸುತ್ತಿದ್ದರು.

"ಬೇಡ" ಎಂದೆ. ಎಷ್ಟು ಜೋರಾಗಿ ಅಂದೆನೋ ನನಗೆ ತಿಳಿಯಲಿಲ್ಲ. "ಮಲಗಿಸ್ಬೇಡಿ. ಭಯ ಅಲ್ಲ ತಾಯಿ. ಬೆರಳು ಸತ್ತೋಗಿವೆ ನಂದು. ನೂಲು ತೆಗೆಯೋಳು ನಾನು. ಮೇಲ್ಗಡೆ ಹಿಡ್ಕೊಳ್ಳಿ, ಮುಂಗೈ ಹಿಡ್ಕೊಳ್ಳಿ. ಅಲ್ಲಾಡಲ್ಲ."

ನರ್ಸಮ್ಮ ಮೇಲೆ ತಿರುಗಿ ಏನೋ ಹೇಳಿದಳು. ಆಮೇಲೆ ಬಳೆ ಇಲ್ಲದ ನನ್ನ ಮುಂಗೈಯನ್ನು ಪೂರ್ತಿ ಅಂಗೈಯಿಂದ ಹಿಡಿದು ಒಂದು ಸಲ ಹಿಂಡಿದಳು. ತಿಳಿಯಿತು. ಬಟ್ಟೆ ಮತ್ತೆ ಬಿತ್ತು.

ಆಮೇಲೆ ಕತ್ತಲೆ ಅಷ್ಟು ಕತ್ತಲೆಯಾಗಿರಲಿಲ್ಲ. ಒಂದು ಹಿಂಡಿದರೆ ಉಸಿರು ಹಿಡಿದೆ, ಗುಡುಗು ಬಂದು ಹೋಯಿತು. ಎರಡು ಹಿಂಡಿದರೆ ಉಗುಳು ನುಂಗಿದೆ. ಲೋಕ ಒಂದು ಸಲ ಗಿರ್ರನೆ ತಿರುಗಿತು, ನಿಂತಿತು.

ಆಮೇಲೆ ಏನೋ ಬಿತ್ತು. ತಟ್ಟೆಯ ಮೇಲೆ ಚಿಮಟ ಇಟ್ಟ ಟಿಣ್ ಎಂಬ ಸದ್ದು. ಮೂಳೆಯಲ್ಲಿ ಅಲ್ಲ, ತಲೆಯೊಳಗೆ ಅಲ್ಲ. ಹೊರಗೆ, ಆ ಕಡೆ, ದೂರದಲ್ಲಿ. ಸದ್ದಿಗೆ ದಿಕ್ಕು ಇರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಅದರ ಹಿಂದೆಯೇ ಒಬ್ಬರು ಮುದುಕರ ಮೆಲುದನಿ, ಡಾಕ್ಟರದು: "ಮಗಳ ಹೆಸರೇನಮ್ಮ?"

"ವರಲಕ್ಷ್ಮಿ" ಎಂದೆ. ನನ್ನ ದನಿಯೇ ನನಗೆ ದೊಡ್ಡದಾಗಿ ಕೇಳಿ ಗಾಬರಿಯಾಗಿ ಬಾಯಿ ಮುಚ್ಚಿಕೊಂಡೆ. ಮುಂಗೈ ಹಿಡಿದಿದ್ದ ಕೈ ಲೆಕ್ಕವಿಲ್ಲದೆ ಹಿಂಡತೊಡಗಿತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಕಾಣಲಿಲ್ಲ.

ಆಮೇಲೆ ಕಿವಿಗೆ ಬಟ್ಟೆ ತುರುಕಿದರು, ಎಲ್ಲ ಮತ್ತೆ ಮುಚ್ಚಿಕೊಂಡಿತು. ಗಾಯ ಮಾಗಲು ಎರಡು ವಾರ ಅದು ಇರಬೇಕು, ತೆಗೆದ ಮೇಲೆ ಎಷ್ಟು ಉಳಿಯುತ್ತದೆ ನೋಡಬೇಕು ಎಂದರು. ಮೂರು ದಿನ ಕಣ್ಣು ಬಿಟ್ಟರೆ ವಾರ್ಡಿನ ಛಾವಣಿ ಚರಕದ ಹಾಗೆ ತಿರುಗುತ್ತಿತ್ತು. ಪಕ್ಕದ ಮಂಚಗಳಿಗೆ ಊಟದ ಕ್ಯಾರಿಯರ್ ಬರುತ್ತಿದ್ದವು. ನಾನು ಗೋಡೆಯ ಕಡೆ ಮಲಗುತ್ತಿದ್ದೆ. ಮೂರನೇ ದಿನ ಜೈತುನ್ ಬಂದಳು. ಡಬ್ಬಿಯಲ್ಲಿ ಗಂಜಿ ತಂದಿದ್ದಳು. ವಾರ್ಡಿನಲ್ಲಿ ಕೂಗುವಂತಿಲ್ಲ, ಮೆಲ್ಲಗೆ ಹೇಳಿದರೆ ನನಗೆ ಕೇಳುವುದಿಲ್ಲ. ಅಷ್ಟು ಬಾಯಿಯ ಹೆಂಗಸು ಎರಡು ಗಂಟೆ ಒಂದು ಮಾತೂ ಆಡದೆ ನನ್ನ ಕಾಲ ಬಳಿ ಕೂತಿದ್ದಳು. ಹೊರಡುವಾಗ ನಿಮ್ಮಮ್ಮ ಕೊಟ್ಟ ಚೀಟಿ ಕೈಗಿಟ್ಟಳು. "ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿರು" ಎಂದು ಇತ್ತು. ಅದಕ್ಕಿಂತ ಹೆಚ್ಚು ನಮಗಿಬ್ಬರಿಗೆ ಹೇಳಿಕೊಂಡು ಅಭ್ಯಾಸವಿರಲಿಲ್ಲ.

ಅಣ್ಣ ಭಾನುವಾರ ಬಂದ. ಗೂಡು ಚೆನ್ನಾಗಿ ಕಟ್ಟಿವೆ ಎಂದು ಕೈಸನ್ನೆ ಮಾಡಿ, ನನ್ನನ್ನು ಮನೆಗೆ ಬಿಟ್ಟು ಹೋದ.

ಕಿವಿಯ ಬಟ್ಟೆ ತೆಗೆಸಲು ನಾನೊಬ್ಬಳೇ ಹೋದೆ. ಯಾವ ದಿನ ಎಂದು ನಿಮ್ಮಮ್ಮನಿಗೆ ಹೇಳಲಿಲ್ಲ. ಏನೂ ಕೇಳದೆ ಹೋದರೆ ಅವಳ ಮುಖ ನೋಡುವ ಧೈರ್ಯ ಇರಲಿಲ್ಲ. ಡಾಕ್ಟರು ಚಿಮಟದಲ್ಲಿ ಮೆಲ್ಲಗೆ ಎಳೆದರು. ಗಾಳಿ ಒಳಗೆ ಬಂತು. ಫ್ಯಾನು, ಬಾಗಿಲು, ಯಾರೋ ಕೆಮ್ಮಿದ್ದು, ಎಲ್ಲ ಒಟ್ಟಿಗೆ ಬಂದವು. ಉಳಿದಿದೆ ಎಂದರು. ಶಿಡ್ಲಘಟ್ಟದ ಬಸ್ಸಿನಲ್ಲಿ ಕಿವಿಗೆ ಸೆರಗು ಒತ್ತಿಕೊಂಡೇ ಬಂದೆ. ನನ್ನ ಚಪ್ಪಲಿ ಅಷ್ಟು ಸದ್ದು ಮಾಡುತ್ತದೆ ಎಂದು ನಾಚಿಕೆಯಾಗಿ ಬೀದಿಯಲ್ಲಿ ಮೆಲ್ಲಗೆ ನಡೆದೆ.

ಮಧ್ಯಾಹ್ನ ಮೊರ ತೆಗೆದುಕೊಂಡು ಬಾಗಿಲಿಗೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಾ ಕೂತೆ. ಅವಳು ಬಂದರೆ ಏನೆಂದು ಹೇಳಲಿ, ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ಶಾಲೆ ಬಿಟ್ಟಿತು. ಚೀಲ ಬಿದ್ದ ಸದ್ದು ಕೇಳಿತು. ಆಮೇಲೆ ನಿಮ್ಮಮ್ಮನ ದನಿ. ನನ್ನೆದುರು ನಿಂತು ಕಿರುಚಿ ಹೇಳುವ ದನಿ ಮಾತ್ರ ನನಗೆ ಗೊತ್ತಿತ್ತು. ಇದು ಬೇರೆ. ಸಣ್ಣ ದನಿ, ತುಸು ಮೂಗಿನದು.

"ಬಂದೆ ಕಣಮ್ಮಾ" ಎಂದಳು ನನ್ನ ಬೆನ್ನಿಗೆ. ಉತ್ತರಕ್ಕೆ ಕಾಯಲಿಲ್ಲ. "ಲೆಕ್ಕದಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ‘ಯಾಕೇ ಕಮ್ಮಿ ಬಂತು?’ ತಲೆನೋವಿತ್ತು ಕಣಮ್ಮಾ. ‘ಸುಳ್ಳು ಹೇಳ್ಬೇಡ, ಆಟಕ್ಕೆ ಬಿದ್ದಿದ್ದೆ ನೀನು.’ ದೇವ್ರಾಣೆ ಇಲ್ಲ. ‘ಸರಿ ಬಿಡು, ಮುಂದಿನ್ ಸಲ ನೋಡ್ಕೊಳ್ಳೋಣ. ಅಳ್ಬೇಡ.’ ನಾನೇನೂ ಅಳ್ತಿಲ್ಲ."

ಕೈಯಲ್ಲಿದ್ದ ಅಕ್ಕಿ ಹಾಗೇ ನಿಂತಿತು. ನನ್ನ ಮಾತನ್ನೂ ಅವಳೇ ಆಡುತ್ತಿದ್ದಳು. ದನಿ ಸ್ವಲ್ಪ ದಪ್ಪ ಮಾಡಿ, ಎಳೆದು. ಎಷ್ಟು ವರ್ಷದಿಂದ ದಿನಾ ಬಂದು ಹೀಗೆ ನನ್ನ ಬೆನ್ನಿನ ಜೊತೆ ಮಾತಾಡುತ್ತಿದ್ದಳೋ. ಅವಳ ಆ ಅಮ್ಮ ಗದರುತ್ತಿದ್ದಳು, ಸಮಾಧಾನ ಮಾಡುತ್ತಿದ್ದಳು, ಸುಳ್ಳು ಹಿಡಿಯುತ್ತಿದ್ದಳು. ನಾನು ಆ ಅಮ್ಮನಷ್ಟು ಒಳ್ಳೆಯವಳಾಗಿರಲಿಲ್ಲ. ಆ ಮನೆಯಲ್ಲಿ ನಾನೊಬ್ಬಳೇ ಒಂಟಿ ಎಂದು ನನ್ನ ಪಾಡಿಗೆ ನಾನು ನಂಬಿಕೊಂಡಿದ್ದೆ.

"ಹಸಿವಾಗ್ತಿದೆ ಕಣಮ್ಮಾ" ಎಂದಳು, ಹತ್ತಿರ ಬರುತ್ತಾ.

ಈಗ ನನ್ನ ಮಾತಿನ ಸರದಿ ಎಂದು ಗೊತ್ತಾಯಿತು. ಅವಳು ಬಾಯಿ ತೆರೆಯುವ ಮೊದಲೇ ಹೇಳಬೇಕಿತ್ತು.

"ಮೊದ್ಲು ಕೈಕಾಲು ತೊಳ್ಕೊಂಡ್ ಬಾ" ಎಂದೆ, ತಿರುಗದೆ. "ಮುಂದಿನ್ ಸಲ ನೋಡ್ಕೊಳ್ಳೋಣ."

ಹಿಂದೆ ಏನೂ ಸದ್ದಿಲ್ಲ. ಹೆಜ್ಜೆಯೂ ಇಲ್ಲ, ಉಸಿರೂ ಇಲ್ಲ. ಬಂದ ಕಿವಿ ಮತ್ತೆ ಹೋಯಿತೇನೋ ಎಂದು ಹೆದರಿ ತಿರುಗಿದೆ. ನಿಮ್ಮಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.